ಬೀಗಿತ್ತಿಯ ಹಳೇ ಗಾಡಿ, ಕ್ಯಾಸಿನೋ ಹೋಟೆಲಿನ ವಾಸ

ಮೊನ್ನೆ ಮೊಮ್ಮಗಳು ನನ್ನನ್ನು ಇಲ್ಲೇ ಅಡಿಲೇಡ್‌ನ ಮಾಡ್ಬರಿಯ ಅಂಗಡಿಗೆ ಕರೆದುಕೊಂಡು ಹೋಗಲು ತನ್ನ ಕಾರಿನ ಬಾಗಿಲು ತೆಗೆದಳು. ಒಳಗಿನಿಂದ ಗಪ್ಪನೆ ಮುಗ್ಗಲು ವಾಸನೆ ಬಂತು. ಹಿಂದಿನ ದಿನದ ಮಳೆಯಲ್ಲಿ ಕಿಟಕಿ ಮುಚ್ಚುವುದನ್ನು ಮರೆತಿದ್ದಳಂತೆ. ಒದ್ದೆ ಚಾಪೆ, ಅದರ ಕೆಳಗೆ ಏನೋ ಹುಳಿತ ಹಾಗೆ... "ಸಾರಿ ಅಜ್ಜಿ, ಇಟ್ ಸ್ಟಿಂಕ್ಸ್" ಅಂದಳು. ನನಗೆ ನಗು ಬಂತು. ಇದಕ್ಕಿಂತ ಹೆಚ್ಚು ನಾರುವ ಗಾಡಿಯಲ್ಲಿ ನಾನು ಅಡಿಲೇಡ್‌ನಿಂದ ಪರ್ತ್‌ವರೆಗೆ ಹೋದವಳು. ಆ ಗಾಡಿ ನನ್ನ ಬೀಗಿತ್ತಿಯದು, ಅಂದರೆ ಈ ಹುಡುಗಿಯ ತಾಯಿಯ ತಾಯಿಯದು.

ಬೀಗಿತ್ತಿ ಇದ್ದದ್ದು ಪರ್ತ್‌ನಲ್ಲಿ. ಅವರ ಯಜಮಾನರಿಗೆ ಗಣಿ ಕಂಪನಿಯಲ್ಲಿ ನೆಲದೊಳಗೆ ಏನಿದೆ ಎಂದು ನೋಡಿ ಹೇಳುವ ಕೆಲಸ. ತಿಂಗಳಲ್ಲಿ ಅರ್ಧ ಮರಳುಗಾಡಿನಲ್ಲೇ ಕಳೆಯುತ್ತಿದ್ದರು. ಅದಕ್ಕೇ ಹೆಂಡತಿಗೆ ಹಟ ಹಿಡಿದು ಗಾಡಿ ಓಡಿಸುವುದನ್ನು ಕಲಿಸಿದ್ದರು. ಅವರು ತೀರಿಕೊಂಡ ಮೇಲೆ ಆ ಮನೆಯಲ್ಲಿ ಬೀಗಿತ್ತಿ ಒಬ್ಬರೇ, ಹೊರಗೆ ಆ ಬಿಳಿ ಗಾಡಿ. ಮಗ ಬ್ರಿಸ್ಬೇನ್‌ನಲ್ಲಿ. ಮಗಳು ನನ್ನ ಸೊಸೆಯಾಗಿ ಅಡಿಲೇಡ್‌ನಲ್ಲಿ.

ನನಗೆ ಬೀಗಿತ್ತಿಯನ್ನು ಕಂಡರೆ ಅಷ್ಟಕ್ಕಷ್ಟೆ. ಸುಳ್ಳು ಯಾಕೆ ಹೇಳಲಿ. ಮದುವೆಯಲ್ಲಿ ಅವರು ಮಾಡಿಸಿದ ಹೋಳಿಗೆ ದಪ್ಪ ಅಂತ ನಾನು ಅಂದಿದ್ದೆ. ಆಮೇಲೆ ನಾನು ಏನು ಮಾಡಿ ಬಡಿಸಿದರೂ ಅವರು ಬೆರಳಲ್ಲಿ ಹಿಡಿದು ಎಷ್ಟು ದಪ್ಪ ಇದೆ ಎಂದು ನೋಡಿಯೇ ತಿನ್ನುತ್ತಿದ್ದರು.

ಒಂದು ಚಳಿಗಾಲದಲ್ಲಿ ಅವರು ಪರ್ತ್‌ನಿಂದ ಅಡಿಲೇಡ್‌ಗೆ ಆ ಗಾಡಿಯಲ್ಲೇ ಬಂದರು. ಮನೆ ಬದಲಾಯಿಸಿ ಈ ಕಡೆ ಬರುತ್ತಿದ್ದ ಕನ್ನಡದ ಗಂಡಹೆಂಡತಿ ಹಿಂದೆ ಇನ್ನೊಂದು ಕಾರಿನಲ್ಲಿದ್ದರಂತೆ. ಬಂದಿಳಿದವರ ಮುಖದಲ್ಲಿ ದಣಿವಿಗಿಂತ ಜಂಬವೇ ಹೆಚ್ಚಿತ್ತು. "ವಿಮಾನದಲ್ಲಿ ಸೀಟು ಯಾರದೋ. ಇದು ನಂದು" ಅಂದರು. ಅದೇ ಸಂಜೆ ಮಳೆ ಹಿಡಿಯಿತು, ಎರಡು ದಿನ ಬಿಡಲಿಲ್ಲ. ಮೂರನೇ ಬೆಳಿಗ್ಗೆ ಗಾಡಿಯಲ್ಲಿ ಕಾಲಿಡುವ ಜಾಗ ಕೆರೆಯಾಗಿತ್ತು. ಕೀಲಿ ತಿರುಗಿಸಿದರೆ ಟಕ್ ಅಂತಲೂ ಇಲ್ಲ.

ಗಾಡಿಯನ್ನು ಬ್ಲೇರ್ ಅಥಾಲ್ ಬಡಾವಣೆಯ ಒಂದು ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಅಲ್ಲಿದ್ದವನು ಬಿಳಿ ಗಡ್ಡದ ಆಸ್ಟ್ರೇಲಿಯದವನು. ಬಾಗಿಲು ತೆಗೆದು ಮೂಗು ಮುಚ್ಚಿಕೊಂಡ. ವೈರೆಲ್ಲ ನೆನೆದಿದೆ, ಇಷ್ಟು ಹಳೇ ಗಾಡಿಗೆ ಸಾಮಾನು ಸಿಗುವುದು ಕಷ್ಟ, ಒಡೆದು ಮಾರುವವರಿಗೆ ಕೊಟ್ಟುಬಿಡಿ ಅಂದ. ಬೀಗಿತ್ತಿ ಕೇಳಲಿಲ್ಲ. ನೀರು ಎಲ್ಲಿಂದ ಬಂತು ಅಂತ ಮೊದಲು ಹುಡುಕು, ಆಮೇಲೆ ಮಾತಾಡು ಅಂತ ಇಂಗ್ಲಿಷಿನಲ್ಲಿ ಗದರಿಸಿ ಬಂದರು. ಶುಕ್ರವಾರದೊಳಗೆ ನೋಡುತ್ತೇನೆ ಅಂದ.

ಈ ಸುದ್ದಿ ಬ್ರಿಸ್ಬೇನ್‌ಗೆ ಮುಟ್ಟಿದ್ದೇ ತಡ, ಬೀಗಿತ್ತಿಯ ಮಗ ಹಾರಿಕೊಂಡು ಬಂದ. ಒಳ್ಳೆಯ ಹುಡುಗ, ಆದರೆ ಎಲ್ಲವನ್ನೂ ಮೊದಲೇ ತೀರ್ಮಾನ ಮಾಡಿಟ್ಟುಕೊಂಡಿರುತ್ತಾನೆ. ಶನಿವಾರಕ್ಕೆ ಅಮ್ಮನಿಗೂ ಸೇರಿಸಿ ಟಿಕೆಟ್ ತೆಗೆದೇ ಬಂದಿದ್ದ.

"ಆ ಡಬ್ಬ ಹೋಗ್ಲಿ ಬಿಡಮ್ಮ. ನಾರ್ತ್ ಲೇಕ್ಸ್‌ನಲ್ಲಿ ನಮ್ಮನೇಲಿ ನಿನಗೆ ಅಂತಾನೇ ರೂಮ್ ಇದೆ, ಬಾತ್‌ರೂಮ್ ಇದೆ. ಪರ್ತ್ ಮನೆ ಕೊಟ್ಟುಬಿಡೋಣ. ಗಾಡಿ ಇಲ್ದೆ ಅಲ್ಲಿ ನೀನು ಹೇಗಿರ್ತೀಯ?"

"ಗಾಡಿ ಸರಿ ಹೋದ್ರೆ?" ಅಂದರು ಬೀಗಿತ್ತಿ.

"ಸರಿ ಹೋದ್ರೆ ನಿನ್ನಿಷ್ಟ. ಸರಿ ಹೋಗ್ಲಿಲ್ಲ ಅಂದ್ರೆ ಶನಿವಾರ ನನ್ ಜೊತೆ ಬರ್ತೀಯ."

"ಆಗ್ಲಿ" ಅಂದುಬಿಟ್ಟರು. ಅಡಿಗೆಮನೆಯಲ್ಲಿ ನನ್ನ ಸೊಸೆ ಕಣ್ಣು ಒರೆಸಿಕೊಂಡಳು. ಈರುಳ್ಳಿ ಹೆಚ್ಚುತ್ತಿದ್ದಳು, ಅದಕ್ಕೂ ಇರಬಹುದು.

ಈಗ ಇನ್ನೊಂದು ತಕರಾರು. ಹೆಣ್ಣು ಕೊಟ್ಟ ಮನೆಯಲ್ಲಿ ರಾತ್ರಿ ಉಳಿಯಬಾರದು ಅನ್ನುವುದು ಬೀಗಿತ್ತಿಯ ಗಂಡನ ಮನೆಯವರ ಪದ್ಧತಿ. ಊಟ ಮಾಡಬಹುದು, ಮಲಗಬಾರದು. ಈ ದೇಶದಲ್ಲೂ ಅದನ್ನು ಬಿಟ್ಟಿರಲಿಲ್ಲ. ಅಲ್ಲಿಯವರೆಗಿನ ರಾತ್ರಿಗಳಲ್ಲಿ ಆ ಕನ್ನಡದ ಗಂಡಹೆಂಡತಿಯ ಹೊಸ ಮನೆಯಲ್ಲಿ ಮಲಗಿದ್ದರು. ಅಲ್ಲಿ ಇನ್ನೂ ಪೆಟ್ಟಿಗೆಗಳೇ ತುಂಬಿದ್ದವು, ಇನ್ನಷ್ಟು ದಿನ ಅವರ ಮೇಲೆ ಬೀಳುವುದು ಸರಿಯಲ್ಲ. ಸೊಸೆ ಫೋನಿನಲ್ಲಿ ಹೋಟೆಲುಗಳನ್ನು ತೆಗೆದು ತೋರಿಸಿದಳು. ಒಂದು ಗ್ಯಾರೇಜಿನ ಹತ್ತಿರದ ಮೋಟೆಲು. ಒಂದು ಪಾರ್ಕಿನ ಎದುರು ತಣ್ಣಗಿರುವ ಹೋಟೆಲು. ಇನ್ನೊಂದು ಪೇಟೆ ಮಧ್ಯದ ಕ್ಯಾಸಿನೋ ಹೋಟೆಲು. ಬೀಗಿತ್ತಿ ಕನ್ನಡಕ ಏರಿಸಿ ಮೂರನ್ನೂ ನೋಡಿ, "ಇದು" ಅಂತ ಕ್ಯಾಸಿನೋ ಮೇಲೆ ಬೆರಳಿಟ್ಟರು.

ನಾನು ಸುಮ್ಮನಿರಲಿಲ್ಲ. "ಬೀಗಿತ್ತಿಯವರೇ, ಮಗಳ ಮನೇಲಿ ಮಲಗಿದ್ರೆ ಮಡಿ ಕೆಡುತ್ತೆ, ಜೂಜಿನ ಮನೇಲಿ ಮಲಗಿದ್ರೆ ಕೆಡಲ್ವಾ?"

"ಮೋಟೆಲಲ್ಲಿ ಬಾಗಿಲು ತೆಗೆದ್ರೆ ಸೀದಾ ರಸ್ತೆ. ಆ ಪಾರ್ಕ್ ಹೋಟೆಲಲ್ಲಿ ಒಂಟಿ ಹೆಂಗಸು ತಿಂಡಿಗೆ ಕೂತ್ರೆ ಎಲ್ರೂ ಪಾಪ ಅಂತ ನೋಡ್ತಾರೆ. ಕ್ಯಾಸಿನೋದಲ್ಲಿ ಬಾಗಿಲಲ್ಲೇ ಇಬ್ಬರು ಧಡಿಯರು ಕಾವಲಿರ್ತಾರೆ, ಒಳಗೆ ಎಲ್ಲರ ಕಣ್ಣೂ ಮೆಷಿನ್ ಮೇಲೆ. ನನ್ನನ್ನ ಯಾರೂ ನೋಡಲ್ಲ. ನಮ್ಮವರು ಕಂಪನಿ ಊಟಕ್ಕೆ ಅಂತ ಪರ್ತ್‌ನಲ್ಲಿ ಇಂಥದ್ದಕ್ಕೇ ಕರ್ಕೊಂಡ್ಹೋಗ್ತಿದ್ರು. ನಂಗೊತ್ತು."

ಅವರನ್ನು ಒಬ್ಬರೇ ಕಳಿಸುವುದು ಹೇಗೆ ಎಂದು ಸೊಸೆ ನನ್ನ ಮುಖ ನೋಡಿದಳು. ನಾನು ಚೀಲ ತುಂಬಿದೆ. ಮೊಸರನ್ನ, ಉಪ್ಪಿನಕಾಯಿ, ಎರಡು ಸೀರೆ, ಕಾಲುಚೀಲ.

ಅಲ್ಲಿ ಊಟದ ಕಡೆ ಹೋಗಬೇಕಾದರೆ ಆ ಮೆಷಿನ್‌ಗಳ ಪಕ್ಕದಲ್ಲೇ ಹಾದುಹೋಗಬೇಕಿತ್ತು. ನನ್ನ ವಯಸ್ಸಿನ ಹೆಂಗಸರು ಸಾಲಾಗಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಮುಖ ಮಾಡಿಕೊಂಡು ಗುಂಡಿ ಒತ್ತುತ್ತಿದ್ದರು. ಬಣ್ಣ, ದೀಪ, ಕಿಣಿಕಿಣಿ ಸದ್ದು... ನನಗೂ ಕೈ ತುರಿಸಿತು. "ಒಂದೇ ಸಲ ಒತ್ತಿ ನೋಡೋಣ್ವಾ?" ಅಂದೆ. ಬೀಗಿತ್ತಿ ನನ್ನ ಸೆರಗು ಹಿಡಿದು ಎಳೆದುಕೊಂಡು ನಡೆದರು. "ಬೆಳಿಗ್ಗೆ ಮಡಿ ಅಂತಿದ್ರಿ. ನಡೀರಿ ಸುಮ್ನೆ." ಬಾಗಿಲಿನ ಧಡಿಯ ಸೀರೆ ಉಟ್ಟ ನಮ್ಮಿಬ್ಬರನ್ನೂ ನೋಡಿ ನಗುತ್ತಾ, ಗುಡ್ ಲಕ್ ಲೇಡೀಸ್ ಅಂದ. ಬೀಗಿತ್ತಿ ನಿಂತು, "ಟೆಲ್ ದಟ್ ಟು ಮೈ ಕಾರ್" ಅಂದರು.

ಸಂಜೆ ರೂಮಿನಲ್ಲಿ ಕಿಟಕಿ ಪಕ್ಕ ಕೂತು ಮೊಸರನ್ನ ತಿಂದೆವು. ಅವತ್ತು ಬೀಗಿತ್ತಿ ನನ್ನ ಅಡಿಗೆಯ ಬಗ್ಗೆ ಏನೂ ಅನ್ನಲಿಲ್ಲ. ಅದರಿಂದಲೇ ಏನೋ ಸರಿಯಿಲ್ಲ ಅಂತ ನನಗೆ ಗೊತ್ತಾಯಿತು. ತಟ್ಟೆ ಬದಿಗಿಟ್ಟು ಅವರೇ ಅಂದರು:

"ಮಗ ಒಳ್ಳೆಯವನೇ. ರೂಮೂ ಚೆನ್ನಾಗಿದೆ. ಆದ್ರೆ ಅಲ್ಲಿ ಒಂದು ಕಟ್ಟು ಕೊತ್ತಂಬರಿಸೊಪ್ಪು ಬೇಕಂದ್ರೂ, ಯಾರಿಗೆ ಯಾವಾಗ ಪುರುಸೊತ್ತಾಗುತ್ತೆ ಅಂತ ಕಾಯ್ಕೊಂಡು ಕೂರ್ಬೇಕು."

ನನಗೆ ಗಾಡಿ ಓಡಿಸಲು ಬರುವುದಿಲ್ಲ. ಕೊತ್ತಂಬರಿಸೊಪ್ಪಿಗೆ ಕಾಯುವುದು ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶುಕ್ರವಾರ ಗ್ಯಾರೇಜಿನವನು ಬನ್ನಿ ಅಂತ ಕರೆದ. ಮಗನೂ ಬಂದ. ಗ್ಯಾರೇಜಿನವನು ಗಾಡಿಯ ವೈಪರ್ ಬಿಚ್ಚಿ, ಗಾಜಿನ ಕೆಳಗೆ, ಬಾನೆಟ್ ಸೇರುವ ಕಡೆಯ ಪ್ಲಾಸ್ಟಿಕ್ ಮುಚ್ಚಳ ತೆಗೆದಿಟ್ಟಿದ್ದ. ಅದರ ಕೆಳಗೆ ಮಳೆನೀರು ಹರಿದುಹೋಗುವ ಒಂದು ಕಾಲುವೆ ಇರುತ್ತದಂತೆ. ಆ ಕಾಲುವೆ ತುಂಬ ಹಳದಿ ಹಳದಿ ಗಸಿ, ಒಂದು ಹಿಡಿ ಕೊಳೆತ ಹೂವು. ಅದರ ಮಧ್ಯೆ ಚೆಂಡುಹೂವಿನ ಒಂದು ಸಸಿ ಎರಡೆಲೆ ಬಿಟ್ಟು ನಿಂತಿತ್ತು. ಗ್ಯಾರೇಜಿನವನು ಚಮಚದಲ್ಲಿ ಒಂದಿಷ್ಟು ಎತ್ತಿ ತೋರಿಸಿ ಕೇಳಿದ:

"ದಿಸ್ ಯುವರ್ ಕರಿ, ಲವ್?"

ನಾನು ನೋಡಿದ ತಕ್ಷಣ ಗುರುತು ಹಿಡಿದೆ. ಅಕ್ಷತೆ. ವರ್ಷವರ್ಷವೂ ಆಯುಧಪೂಜೆಗೆ ಗಾಡಿಯ ಮೇಲೆ ಹಾಕಿದ ಅರಿಶಿನದ ಅಕ್ಕಿ, ಹೂವು, ಕುಂಕುಮ. ಎಲ್ಲ ಆ ಸೀಳಿನಲ್ಲಿ ಇಳಿದು, ನೀರು ಹೋಗುವ ತೂತನ್ನು ಕಟ್ಟಿಕೊಂಡು ಕೂತಿದ್ದವು. ಮಳೆನೀರಿಗೆ ದಾರಿ ಇಲ್ಲದೆ ಗಾಡಿಯ ಒಳಕ್ಕೇ ನುಗ್ಗಿದೆ.

ಬೀಗಿತ್ತಿ ತಲೆ ಎತ್ತಿಯೇ ಹೇಳಿದರು, "ನೋ. ದಟ್ ಈಸ್ ಬ್ಲೆಸಿಂಗ್."

"ವೆಲ್, ಯುವರ್ ಬ್ಲೆಸಿಂಗ್ ಬ್ಲಾಕ್ಡ್ ದ ಡ್ರೇನ್" ಅಂದ ಅವನು. ನಾನು ನಕ್ಕುಬಿಟ್ಟೆ. ಮಗನೂ ನಕ್ಕ. ಬೀಗಿತ್ತಿ ಮಾತ್ರ ನಗಲಿಲ್ಲ. ಮೆಲ್ಲಗೆ ನನಗೆ ಮಾತ್ರ ಕೇಳುವ ಹಾಗೆ ಅಂದರು, "ನಮ್ಮವರಿದ್ದಾಗ ಪೂಜೆ ಆದ ಮಾರನೇ ದಿನ ಇಲ್ಲೇ ಬ್ರಶ್ ಹಿಡ್ಕೊಂಡು ಏನೋ ಕೆರೀತಾ ನಿಂತಿರ್ತಿದ್ರು. ಪ್ರಸಾದ ಗುಡಿಸಿ ಹಾಕ್ತೀರಲ್ಲ ಅಂತ ನಾನು ಬೈತಿದ್ದೆ..."

ಯಜಮಾನರು ತೀರಿಕೊಂಡ ಮೇಲೆ ಬೀಗಿತ್ತಿ ಅವರ ಪಾಲಿನದನ್ನೂ ಸೇರಿಸಿ ಎರಡೆರಡು ಹಿಡಿ ಅಕ್ಷತೆ ಹಾಕುತ್ತಿದ್ದರಂತೆ.

ಗ್ಯಾರೇಜಿನವನು ಅದೇ ಜಾತಿಯ ಒಡೆದ ಗಾಡಿಯೊಂದರಿಂದ ಬೇಕಾದ ವೈರು ಬಿಚ್ಚಿ ತಂದು ಜೋಡಿಸಿದ್ದ. ಬೀಗಿತ್ತಿ ಒಳಗೆ ಕೂತು ಕೀಲಿ ತಿರುಗಿಸಿದರು. ಒಂದು ಸಲ ಕೆಮ್ಮಿತು, ನಿಂತಿತು. ಮಗ ಜೇಬಿನಿಂದ ಫೋನ್ ತೆಗೆದ. ಇನ್ನೊಂದು ಸಲ ತಿರುಗಿಸಿದರು. ಹತ್ತಿಕೊಂಡಿತು.

ಮಗ ತಾನು ಕೊಟ್ಟ ಮಾತು ಮರೆತಿರಲಿಲ್ಲ, ಆದರೆ ಅವನಿಗೆ ಇನ್ನೊಂದು ಕೊಕ್ಕೆ ಸಿಕ್ಕಿತು. "ಸರಿ, ಗಾಡಿ ರೆಡಿ. ಆದ್ರೆ ಬರೋವಾಗ ಹಿಂದೆ ಆ ಕನ್ನಡದವರ ಕಾರಿತ್ತು. ವಾಪಸ್ ಒಬ್ಬಳೇ ಅಷ್ಟು ದೂರ ಹೋಗೋಕೆ ನಾನು ಬಿಡಲ್ಲ. ನಂಗೆ ರಜಾ ಇಲ್ಲ, ಅಕ್ಕಂಗೂ ಇಲ್ಲ. ಯಾರು ಬರ್ತಾರೆ?"

ಬೀಗಿತ್ತಿ ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಅವರು ನನ್ನ ಕಡೆ ನೋಡಲೂ ಇಲ್ಲ. ಬೀಗಿತ್ತಿಯಾದ ನನ್ನ ಹತ್ತಿರ ಉಪಕಾರ ಕೇಳುವ ಪೈಕಿ ಅಲ್ಲ ಅವರು.

"ನಾನು ಹೋಗ್ತೀನಿ" ಅಂದೆ.

"ಆಂಟಿ, ನಿಮಗೆ ಡ್ರೈವಿಂಗೇ ಬರಲ್ವಲ್ಲ."

"ಅವರಿಗೆ ಬರುತ್ತಲ್ಲ. ನಿದ್ದೆ ಬರದ ಹಾಗೆ ನೋಡ್ಕೊಳೋಕೆ ಒಬ್ಬರು ಬೇಕು ಅಷ್ಟೆ. ನಾನು ಬಾಯಿ ತೆರೆದ್ರೆ ನಿಮ್ಮಮ್ಮ ನಿದ್ದೆ ಮಾಡಿದ್ದುಂಟಾ?"

ಬೀಗಿತ್ತಿ ಆಗ ನಕ್ಕರು. ಶನಿವಾರ ಮಗ ಒಬ್ಬನೇ ಬ್ರಿಸ್ಬೇನ್ ವಿಮಾನ ಹತ್ತಿದ.

ಆ ದಾರಿಯನ್ನು ನೋಡಿದವರಿಗೇ ಗೊತ್ತು. ಮರವಿಲ್ಲ, ಮನೆಯಿಲ್ಲ, ನೂಲು ಹಿಡಿದು ಎಳೆದ ಹಾಗೆ ನೆಟ್ಟಗಿನ ರಸ್ತೆ. ಹೊತ್ತು ಇಳಿದರೆ ಕಾಂಗರೂ ಅಡ್ಡ ಬರುತ್ತವೆ ಅಂತ ಬೀಗಿತ್ತಿ ಬೆಳಕಿರುವಾಗಲೇ ತಂಗುವ ಜಾಗ ಸೇರಿಸುತ್ತಿದ್ದರು. ಸರ್ವೋ, ಅಂದರೆ ಪೆಟ್ರೋಲ್ ಬಂಕು, ಸಿಕ್ಕಲ್ಲೆಲ್ಲ ಪೆಟ್ರೋಲು, ಟೀ. ಚಾಪೆಯ ವಾಸನೆ ಪೂರ್ತಿ ಹೋಗಿರಲಿಲ್ಲ, ಚಳಿಯಲ್ಲೂ ಕಿಟಕಿ ತೆಗೆದಿಟ್ಟಿದ್ದೆವು. ನಾನು ಚಕ್ಕುಲಿ ಮುರಿದು ಅವರ ಬಾಯಿಗೆ ಕೊಡುತ್ತಾ, ಮದುವೆಯ ದಿನದಿಂದ ಬಾಕಿ ಇದ್ದ ಜಗಳಗಳನ್ನೆಲ್ಲ ಒಂದೊಂದಾಗಿ ತೆಗೆದೆ. ಹೋಳಿಗೆಯ ವಿಷಯ ಅರ್ಧ ದಿನ ನಡೆಯಿತು. ಅಡಿಗೆಯವನು ಕೈ ಕೊಟ್ಟಿದ್ದರಿಂದ ಆ ಹೋಳಿಗೆಯನ್ನು ಅವರೇ ಕೂತು ತಟ್ಟಿದ್ದರಂತೆ. ಅದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೂ, ದಪ್ಪ ಇದ್ದದ್ದು ನಿಜ ಅಂದೆ. ಪರ್ತ್ ಬಂದಾಗ ಜಗಳ ಇನ್ನೂ ಮುಗಿದಿರಲಿಲ್ಲ. ಅದಕ್ಕೇ ಇನ್ನೊಂದು ತಿಂಗಳು ಅಲ್ಲೇ ಇದ್ದೆ. ಅವರು ದಿನಾ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಎಲ್ಲಿಗಾದರೂ ಹೊರಡುತ್ತಿದ್ದರು. ಕೆಲಸವೇನೂ ಇರುತ್ತಿರಲಿಲ್ಲ...

ಆಮೇಲೆ ಕೆಲವು ವರ್ಷ ಅವರು ಅಲ್ಲಿ ತಮ್ಮ ಮನೆಯಲ್ಲಿ ತಮ್ಮ ಪಾಡಿಗೆ ಇದ್ದರು. ಹೋದ ವರ್ಷ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಿತಂತೆ. ಆಂಬುಲೆನ್ಸ್ ಕರೆಯಬೇಕಾಗಿತ್ತು. ಕರೆಯಲಿಲ್ಲ, ತಾವೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋಗಿದ್ದಾರೆ. ಅಲ್ಲಿಂದ ವಾಪಸ್ ಬರಲಿಲ್ಲ. ಮಗ ಅಲ್ಲಿ ತಲುಪಿ ನನಗೆ ಫೋನ್ ಮಾಡಿದ. "ಆಂಟಿ, ಗಾಡಿ ಸರಿಯಾಗಿ ಗೆರೆ ಮಧ್ಯೆ ನಿಲ್ಸಿದಾಳೆ. ಹ್ಯಾಂಡ್‌ಬ್ರೇಕ್ ಹಾಕಿದಾಳೆ. ಲಾಕೂ ಮಾಡಿದಾಳೆ" ಅಂತ ಅಳುತ್ತಿದ್ದ. "ಮತ್ತೆ? ಅಡ್ಡಾದಿಡ್ಡಿ ಬಿಟ್ಟು ಹೋಗೋರಾ ಅವರು?" ಅಂದೆ.

ಈಗ ಮನೆಯಲ್ಲಿ ನಾನು ಏನೇ ಅಂದರೂ ಸೊಸೆ "ಆಯ್ತು ಅತ್ತೆ" ಅನ್ನುತ್ತಾಳೆ. ಮಗ "ಸರಿ ಅಮ್ಮ" ಅನ್ನುತ್ತಾನೆ. ಮೊಮ್ಮಗಳು "ಓಕೆ ಅಜ್ಜಿ" ಅನ್ನುತ್ತಾಳೆ. ಎಲ್ಲರೂ ಒಳ್ಳೆಯವರೇ. ಆದರೆ ನನ್ನ ಮಾತಿಗೆ ಎದುರು ಮಾತು ಕೊಟ್ಟು, ನಾಳೆಗೂ ಸ್ವಲ್ಪ ಜಗಳ ಉಳಿಸಿಕೊಂಡು ಹೋಗುತ್ತಿದ್ದವರು ಬೀಗಿತ್ತಿ ಒಬ್ಬರೇ.