ಯಾರಾದರೂ ಬಿದ್ದಿದ್ದಾರಾ?

ನನ್ನ ಬಾಯಿ ಸ್ವಲ್ಪ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಜರಗನಹಳ್ಳಿಗೆ ಸೊಸೆಯಾಗಿ ಬಂದಾಗ ನಮ್ಮ ಮನೆಯ ಹಿಂದೆ ರಾಗಿ ಹೊಲ ಇತ್ತು. ತೆನೆ ಬಂದಾಗ ಹಕ್ಕಿ ಓಡಿಸಲು ಮಾವನವರು ನನ್ನನ್ನೇ ಕಳಿಸುತ್ತಿದ್ದರು, ತಮಟೆ ಬೇಡ, ಇವಳು ಸಾಕು ಎಂದು. ಈಗ ಆ ಹೊಲದಲ್ಲಿ ನಮ್ಮದೇ ಮೂರಂತಸ್ತಿನ ಮನೆ ನಿಂತಿದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು.

ಎರಡು ಮಳೆಗಾಲದಿಂದ ತಾರಸಿ ಸೋರುತ್ತಿತ್ತು. ನನ್ನ ಗಂಡ ನೀಲಿ ಟಾರ್ಪಾಲು ಹೊದಿಸಿ ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟು, ದೊಡ್ಡ ಎಂಜಿನಿಯರ್ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಆ ಸಂಜೆಯ ಗಾಳಿಗೆ ಟಾರ್ಪಾಲು ಹಾರಿ ಹಿಂದಿನ ಬೀದಿಯ ಮದುವೆ ಚಪ್ಪರದ ಮೇಲೆ ಕುಳಿತಿತು. ಮದುವೆ ಮನೆಯವರು ಅದನ್ನು ಮದುವೆ ಮುಗಿದ ಮೇಲೆ ಮಡಿಸಿ, ತಾಂಬೂಲದ ಸಮೇತ ವಾಪಸ್ ಕೊಟ್ಟರು. ಅವತ್ತೇ ತೀರ್ಮಾನವಾಯಿತು: ಕಬ್ಬಿಣದ ಕಂಬ ನಿಲ್ಲಿಸಿ, ಇಡೀ ತಾರಸಿಗೆ ಶೀಟಿನ ಛಾವಣಿ ಹಾಕಿಸಬೇಕು.

"ಪಾರ್ಕಲ್ಲಿ ಒಬ್ರು ನಂಬರ್ ಕೊಟ್ಟಿದಾರೆ. ಚೀಪ್ ಅಂಡ್ ಬೆಸ್ಟ್ ಅಂತೆ. ನಾಳೇನೇ ಬರ್ತಾನೆ," ಎಂದರು ಗಂಡ.

"ಬರ್ಲಿ. ಆದ್ರೆ ನಾನು ವಿಚಾರಿಸೋವರ್ಗೂ ಒಬ್ಬ ನರಪಿಳ್ಳೆನೂ ಮೇಲೆ ಹತ್ತೋ ಹಾಗಿಲ್ಲ," ಎಂದೆ.

ಯಾಕೆಂದರೆ ಎದುರು ಮನೆಗೆ ಬಣ್ಣ ಹೊಡೆಯುವಾಗ ಒಬ್ಬ ಪೇಂಟರ್ ಎರಡನೇ ಮಹಡಿಯಿಂದ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅವನು ನೆಲದಲ್ಲಿ ನರಳುತ್ತಿದ್ದರೆ ಮನೆಯವರೂ ಮೇಸ್ತ್ರಿಯೂ ಗೇಟಿನಲ್ಲಿ ನಿಂತು, ನಿಮ್ಮ ಜವಾಬ್ದಾರಿ, ಇಲ್ಲ ನಿಮ್ಮದು ಎಂದು ವಾದ ಮಾಡುತ್ತಿದ್ದರು. ಇಬ್ಬರಿಗೂ ಉಗಿದು, ಆಟೋ ನಿಲ್ಲಿಸಿ, ನಾನೇ ಅವನನ್ನು ಆಸ್ಪತ್ರೆಗೆ ಸೇರಿಸಿದೆ. ಬದುಕಿದ. ಆದರೆ ಅವನ ಬಲಗೈ ಮತ್ತೆ ಬ್ರಶ್ ಹಿಡಿಯಲಿಲ್ಲ. ಎದುರು ಮನೆಯವರೇನೂ ಕೆಟ್ಟವರಲ್ಲ, ಹಬ್ಬಕ್ಕೆ ನಮಗೆ ಒಬ್ಬಟ್ಟು ಕಳಿಸುವ ಜನ. ನನಗೆ ಭಯ ಹುಟ್ಟಿಸಿದ್ದೇ ಅದು. ನಮ್ಮಂಥವರ ಮನೆಯಲ್ಲೇ ಆಗುತ್ತದೆ, ಯಾರೂ ಏನೂ ಕೇಳದೆ ಇದ್ದದ್ದಕ್ಕೆ ಆಗುತ್ತದೆ. ನಮ್ಮ ಮನೆ ಮೇಲಿಂದ ಯಾರೂ ಬೀಳಬಾರದು, ನನಗೆ ಬೇಕಿದ್ದದ್ದು ಅಷ್ಟೇ.

ಪಾರ್ಕಿನ ಕಂಟ್ರಾಕ್ಟರ್ ಬಂದ. ಇಸ್ತ್ರಿ ಅಂಗಿ, ಹೊಳೆಯುವ ಕಾರ್ಡು, ಫೋನಿನಲ್ಲಿ ಹಾಡು ಹಾಕಿದ ವೀಡಿಯೋ. ನಾನು ಹಳೆಯ ಲಗ್ನಪತ್ರಿಕೆಯ ಹಿಂದೆ ಬರೆದಿಟ್ಟುಕೊಂಡ ಪಟ್ಟಿ ತೆಗೆದೆ. ಲೈಸೆನ್ಸ್ ಇದೆಯಾ, ಕೆಲಸಗಾರರಿಗೆ ಇನ್ಶೂರೆನ್ಸ್ ಇದೆಯಾ, ಬೆಲ್ಟು ಹಗ್ಗ ಇದೆಯಾ. ಎಲ್ಲಕ್ಕೂ "ಇದೆ ಮೇಡಂ" ಎಂದ. ಕೊನೆಯದಾಗಿ ಕೇಳಿದೆ: "ನಿಮ್ಮ ಕೆಲ್ಸದಲ್ಲಿ ಯಾರಾದ್ರೂ ಬಿದ್ದಿದಾರಾ?"

"ಛೇ ಛೇ, ಬಿಡ್ತು ಅನ್ನಿ ಮೇಡಂ! ಇಷ್ಟು ವರ್ಷದಲ್ಲಿ ಒಬ್ನೂ ಇಲ್ಲ."

ನನ್ನ ಗಂಡ ಆಗಲೇ ಅವನಿಗೆ ಎರಡನೇ ಸಲ ಕಾಫಿ ಹೇಳಿದ್ದರು. ನಾನು ಮಾತ್ರ ಅವನು ಕೆಲಸ ಮಾಡಿದ ಮನೆಗಳ ವಿಳಾಸ ಬರೆಸಿಕೊಂಡೆ.

ವಿಚಾರಣೆಗೆ ನನ್ನ ಜೊತೆ ಹೊರಟವಳು ನಾದಿನಿ. ಬಿಳೇಕಹಳ್ಳಿಯಲ್ಲಿ ಅವಳ ಮನೆ, ಅರವತ್ತು ದಾಟಿದರೂ ಸ್ಕೂಟರ್ ಬಿಟ್ಟಿಲ್ಲ. ಅವಳ ಮೂವರು ಹೆಣ್ಣುಮಕ್ಕಳಿಗೆ ಗಂಡು ವಿಚಾರಿಸಿದ್ದೂ ನಾವಿಬ್ಬರೇ. ಆದ್ದರಿಂದ ಶೀಟಿನವನನ್ನೂ ಹಾಗೇ ವಿಚಾರಿಸಿದೆವು. ಒಳ್ಳೆಯ ಸೀರೆ, ಬ್ಯಾಗಿನಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಎರಡು ಮೊಳ ಹೂವು. ಅಪರಿಚಿತರ ಮನೆಗೆ ಬರಿಗೈಯಲ್ಲಿ ಹೋಗಿ ನಿಮ್ಮ ಶೀಟು ಹೇಗಿದೆ ಎಂದು ಕೇಳುವುದಕ್ಕಾಗುತ್ತದೆಯೇ?

ನಮ್ಮ ಕಡೆ ನಡುಮನೆಯಲ್ಲಿ ಕುಳಿತು ಯಾರೂ ಯಾರ ಬಗ್ಗೆಯೂ ಕೆಟ್ಟದ್ದು ಹೇಳುವುದಿಲ್ಲ. ಕಾಫಿ ಬರುತ್ತದೆ, ಕೋಡುಬಳೆ ಬರುತ್ತದೆ, ಎಲ್ಲಾ ಚೆನ್ನಾಗಿದೆ ಎನ್ನುತ್ತಾರೆ. ನಿಜ ಹೊರಬರುವುದು ಅರಿಶಿನ ಕುಂಕುಮ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಗೇಟಿನ ಚಿಲಕದ ಮೇಲೆ ಕೈಯಿಟ್ಟಾಗ. ಆಗ ಮನೆಯಾಕೆ ಹಿಂದೆಯೇ ಬಂದು ದನಿ ತಗ್ಗಿಸುತ್ತಾಳೆ. ಗಂಡು ವಿಚಾರಿಸುವಾಗಲೂ ನಮಗೆ ಬೇಕಾದದ್ದೆಲ್ಲ ಗೇಟಿನಲ್ಲೇ ಸಿಕ್ಕಿತ್ತು.

ಜೆ.ಪಿ. ನಗರದ ಮೊದಲನೇ ಮನೆಯಲ್ಲೂ ಹಾಗೇ ಆಯಿತು. ಒಳಗೆ "ಸಖತ್ತಾಗಿ ಮಾಡ್ಕೊಟ್ರು" ಎಂದ ಆಂಟಿ, ಗೇಟಿನಲ್ಲಿ ನನ್ನ ಕೈ ಹಿಡಿದುಕೊಂಡರು. "ನೋಡಿ, ನಾನ್ ಹೇಳ್ದೆ ಅನ್ಬೇಡಿ. ಕೆಲ್ಸ ಚೆನ್ನಾಗಿದೆ. ಆದ್ರೆ ಆ ಮೂರು ದಿನ ನಾನು ದೇವ್ರ ಮುಂದೆ ತುಪ್ಪದ ದೀಪ ಹಚ್ಚಿ ಕೂತಿದ್ದೆ. ಕೋತಿಗಳ ಹಾಗೆ ಓಡಾಡ್ತಿದ್ರು ಮೇಲೆ."

ಅವನ ಕೆಲಸ ನಡೆಯುತ್ತಿದ್ದ ಇನ್ನೊಂದು ಮನೆಗೂ ಹೋದೆವು. ಬೆಲ್ಟುಗಳು ಇದ್ದವು, ಸುಳ್ಳು ಹೇಳಬಾರದು. ಗೋಡೆಯ ಮೊಳೆಗೆ ಸಾಲಾಗಿ ನೇತುಹಾಕಿದ್ದರು. ಒಂದಕ್ಕೂ ಪ್ಲಾಸ್ಟಿಕ್ ಕವರ್ ಬಿಚ್ಚಿರಲಿಲ್ಲ. ನಾದಿನಿ ಅವನು ಕೊಟ್ಟಿದ್ದ ಇನ್ಶೂರೆನ್ಸ್ ಕಾಗದದಲ್ಲಿದ್ದ ನಂಬರಿಗೆ ಅಲ್ಲೇ ಫೋನ್ ಮಾಡಿದಳು. ಪಾಲಿಸಿ ಹೋದ ವರ್ಷವೇ ಮುಗಿದಿತ್ತು. "ಹುಡುಗ ಡಿಗ್ರಿ ಮುಗ್ಸಿದಾನೆ ಅಂದಿದ್ರು, ಫೇಲ್ ಆಗಿದ್ದಾನೆ ಅತ್ತಿಗೆ," ಎಂದಳು ನಾದಿನಿ. ಸ್ಕೂಟರಿನ ಮೇಲೆ ಕುಳಿತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಇನ್ನಿಬ್ಬರು ಬಂದರು, ಅವರೂ ಒಬ್ಬರೂ ಬಿದ್ದಿಲ್ಲ ಎಂದರು. ಗೇಟಿನಲ್ಲಿ ಇಬ್ಬರ ಬಣ್ಣವೂ ಬಯಲಾಯಿತು. ಅಷ್ಟರಲ್ಲಿ ನಮಗೆ ಈ ಕೆಲಸದ ರುಚಿ ಹತ್ತಿತ್ತು. ವಾರಕ್ಕೆರಡು ದಿನ ಹೂ ಮುಡಿದು ಹೊರಡುತ್ತಿದ್ದೆವು. ಮನೆಗೆ ಆರು ಬ್ಲೌಸ್ ಪೀಸು ಬಂದವು, ಒಂದು ಹಲಸಿನ ಹಪ್ಪಳದ ಕಟ್ಟು ಬಂತು. "ಛಾವಣಿ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಬರ್ತಾ ಇದೆ," ಎಂದು ಗಂಡ ಗೊಣಗಿದರು.

ನಾಲ್ಕನೆಯವರು ಬನಶಂಕರಿಯವರು. ಐವತ್ತರ ಆಸುಪಾಸು, ಮಾತು ಕಡಿಮೆ. ಕಾಗದಗಳನ್ನು ನಾನು ಕೇಳುವ ಮೊದಲೇ ಮೇಜಿನ ಮೇಲೆ ಹರಡಿದರು. ಯಾರಾದರೂ ಬಿದ್ದಿದ್ದಾರಾ ಎಂದು ಕೇಳಿದೆ.

"ಬಿದ್ದಿದಾನೆ ಮೇಡಂ. ಒಬ್ಬ. ತಪ್ಪು ನಂದೇ, ಆಗ ನನ್ನತ್ರ ಬೆಲ್ಟ್ ಇರ್ಲಿಲ್ಲ."

ನನ್ನ ಗಂಡ ಕಣ್ಣಲ್ಲೇ ಸನ್ನೆ ಮಾಡಿದರು, ಇವನನ್ನು ಕಳಿಸಿಬಿಡು ಎಂದು. ನನಗೆ ಮಾತ್ರ ಆ ಮನುಷ್ಯನನ್ನು ಬಿಡಲು ಮನಸ್ಸಾಗಲಿಲ್ಲ. "ನೀವು ಕೆಲ್ಸ ಮಾಡಿದ ಮನೆ ವಿಳಾಸ ಕೊಡಿ," ಎಂದೆ.

"ಅದನ್ನೂ ಕೊಡ್ತೀನಿ. ಮೊದ್ಲು ಬಿದ್ದವನ ಮನೆಗೇ ಹೋಗಿ ಕೇಳಿ," ಎಂದು ವಿಳಾಸ ಬರೆದು ಕೊಟ್ಟರು.

ಬಿದ್ದವನ ಮನೆ ಬನಶಂಕರಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ನಲವತ್ತು ದಾಟಿದ ಆತ, ಒಂದು ಕಾಲು ಎಳೆದುಕೊಂಡು ಬಂದು ನಮಗೆ ಕುರ್ಚಿ ಹಾಕಿದ. ಆಸ್ಪತ್ರೆಯ ಖರ್ಚು ಕಂಟ್ರಾಕ್ಟರೇ ನೋಡಿಕೊಂಡರು, ಈಗಲೂ ಅವರ ಬಳಿಯೇ ಕೆಲಸ ಎಂದ. ಏನು ಕೆಲಸ ಎಂದರೆ, ಮೇಲೆ ಹತ್ತುವ ಪ್ರತಿಯೊಬ್ಬನ ಬೆಲ್ಟನ್ನೂ ಕೊಕ್ಕೆಯನ್ನೂ ಕೈಯಿಂದ ಎಳೆದು ನೋಡುವುದು. ಅವನು ಹೂಂ ಅನ್ನದೆ ಕಂಟ್ರಾಕ್ಟರೂ ಹತ್ತುವಂತಿಲ್ಲ.

ಗೇಟಿನಲ್ಲಿ ಅವನ ಹೆಂಡತಿ ಹಿಂದೆ ಬಂದೇ ಬಂದಳು. ನಾವಿಬ್ಬರೂ ಕಿವಿ ನಿಮಿರಿಸಿದೆವು.

"ಇವ್ರು ಮಲಗಿದ್ದಾಗ ಆ ಯಜಮಾನ್ರಿಗೆ ಬಾಯಿಗೆ ಬಂದ ಹಾಗೆ ಬೈದಿದೀನಿ ಅಕ್ಕ. ಶಾಪ ಹಾಕಿದೀನಿ. ತಲೆ ತಗ್ಗಿಸಿ ಕೇಳ್ಕೊಂಡು ನಿಂತಿದ್ರು. ಮಾರನೇ ದಿನ ಮತ್ತೆ ಬಂದ್ರು, ಮತ್ತೆ ಬೈದೆ. ಬರೋದು ಬಿಡ್ಲಿಲ್ಲ," ಎಂದಳು. ಆಮೇಲೆ ನನ್ನ ಮುಡಿಯ ಹೂ ಸರಿಮಾಡಿ ನಕ್ಕಳು. "ಕೊಡಿ ಅಕ್ಕ ಕೆಲ್ಸ. ನನ್ನ ಗಂಡ ಇರ್ತಾರಲ್ಲ."

ಸ್ಕೂಟರ್ ಹತ್ತುವಾಗ ನಾದಿನಿ "ಸಂಬಂಧ ಕುದುರಿತು" ಎಂದಳು.

ಬೆಲ್ಟ್ ನೋಡುವವನೂ ಸೇರಿ ಐದು ಜನ ಕೆಲಸಕ್ಕೆ ಬಂದರು. ಅವನು ಮೊದಲ ದಿನವೇ ಮನೆ ಮುಂದಿನ ರಸ್ತೆಗೆ ಕೆಂಪು ಟೇಪು ಕಟ್ಟಿದ. ನನ್ನ ಗಂಡ ಉಸ್ತುವಾರಿಗೆಂದು ಅಲ್ಲೇ ಕುರ್ಚಿ ಹಾಕಿಕೊಂಡಿದ್ದರು. "ಸಾರ್, ಇಲ್ಲಿ ಕೂರೋ ಹಾಗಿಲ್ಲ," ಎಂದು ಕುರ್ಚಿಯನ್ನೂ ಅವರನ್ನೂ ಎದುರು ಮನೆಯ ನೆರಳಿಗೆ ಸಾಗಿಸಿದ. ಗಂಡನ ಮುಖ ಊದಿಕೊಂಡಿತು. ನನಗಂತೂ ಹಬ್ಬ! ಬೆಳಿಗ್ಗೆ ಬೆಳಿಗ್ಗೆ ಕೆಲಸದವರು ಸಾಲಾಗಿ ನಿಂತು ಬೆಲ್ಟ್ ಎಳೆಸಿಕೊಳ್ಳುವುದನ್ನು ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದೆ. ನೋಡಿ, ಹೀಗೆ ವಿಚಾರಿಸಿ ಹಿಡೀಬೇಕು ಜನಾನ ಎಂದು ಭಾಷಣವನ್ನೂ ಮಾಡಿದೆ.

ಮೂರನೇ ದಿನ ಕೊನೆಯ ಸಾಲು ಶೀಟು ಉಳಿದಿತ್ತು. ಹನ್ನೊಂದು ಗಂಟೆ, ಬಿಸಿಲು ನೆತ್ತಿ ಸುಡುತ್ತಿತ್ತು. ಬೆಲ್ಟ್ ನೋಡುವವನು ಸ್ಕ್ರೂ ತರಲು ಕೆಳಗಿಳಿದಿದ್ದ. ಛಾವಣಿಯ ರಸ್ತೆ ಕಡೆಯ ಅಂಚಿನಲ್ಲಿ ಒಬ್ಬ ಕೆಲಸಗಾರ ಒಂಟಿಯಾಗಿ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದ. ನನ್ನ ಮಗನಿಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ನನಗೆ ತಡೆಯಲಾಗಲಿಲ್ಲ. ಬಿಸಿ ಕಾಫಿ ಲೋಟ ಹಿಡಿದು, ನೀರಿನ ಟ್ಯಾಂಕಿನ ಕಟ್ಟೆ ಹತ್ತಿದೆ. ಅಲ್ಲಿಂದ ಅವನು ಒಂದು ಮಾರು ದೂರ.

"ತಗೋಪ್ಪ, ಆರಿ ಹೋಗುತ್ತೆ," ಎಂದು ಲೋಟ ಚಾಚಿದೆ.

ಅವನು ಬಲಗೈಯಲ್ಲಿ ಕಬ್ಬಿಣದ ಪೈಪು ಹಿಡಿದಿದ್ದ. ಎಡಗೈ ಖಾಲಿ ಇತ್ತು. ಎಡಗೈ ಮುಂದೆ ಬಂತು, ಅರ್ಧದಲ್ಲೇ ನಿಂತಿತು. ಅವನ ಮುಖ ಸಣ್ಣಗಾಯಿತು. ತಾಯಿ ವಯಸ್ಸಿನವಳ ಕೈಯಿಂದ ಎಡಗೈಯಲ್ಲಿ ತೆಗೆದುಕೊಳ್ಳುವುದುಂಟೇ! ಪೈಪು ಬಿಟ್ಟು ಬಲಗೈ ಚಾಚಿದ. ಮಂಡಿ ಜಾರಿತು.

ನನ್ನ ಕಣ್ಣೆದುರೇ ಅವನು ಅಂಚಿನಿಂದ ಮಾಯವಾದ. ಲೋಟ ಮೂರು ಅಂತಸ್ತು ಕೆಳಗೆ ಠಣ್ ಎಂದದ್ದು ಕೇಳಿಸಿತು. ನಾನು ಕಿರುಚಿದೆನೋ ಇಲ್ಲವೋ ತಿಳಿಯದು. ಕಿರುಚಿದೆ, ಕನಕಪುರ ರಸ್ತೆಯವರೆಗೂ ಕೇಳಿಸಿತು ಎಂದು ಅವತ್ತು ಕೆಲಸ ನೋಡಲು ಬಂದಿದ್ದ ನಾದಿನಿ ಆಮೇಲೆ ಹೇಳಿದಳು.

ಅಂಚಿನ ಕೆಳಗಿನಿಂದ ದನಿ ಬಂತು. "ಇದೀನಿ ಅಕ್ಕ. ಇದೀನಿ."

ಬೆಲ್ಟು ಹಿಡಿದಿತ್ತು. ಎರಡಡಿ ಕೆಳಗೆ ತೊಟ್ಟಿಲಿನ ಹಾಗೆ ತೂಗುತ್ತಿದ್ದ. ಮೂವರು ಓಡಿ ಬಂದು ಹಗ್ಗ ಹಿಡಿದು ಮೇಲೆಳೆದರು. ಮೊಣಕೈ ತರಚಿತ್ತು, ಅಷ್ಟೇ. ನಾನು ಅವನ ತಲೆ, ಭುಜ, ಬೆನ್ನು ಮುಟ್ಟಿ ಮುಟ್ಟಿ ನೋಡಿದೆ, ಅತ್ತೆ, ಬೈದೆ, ಮತ್ತೆ ಅತ್ತೆ. ಅವನು ಸುಸ್ತಾಗಿ ಕುಳಿತವನು, "ಕಾಫಿ ಇನ್ನೊಂದು ಲೋಟ ಸಿಗುತ್ತಾ?" ಎಂದ. ಮೂವರೂ ಗೊಳ್ಳೆಂದು ನಕ್ಕರು. ಕೆಳಗೆ, ಮುಖ ಊದಿಸಿಕೊಂಡಿದ್ದ ನನ್ನ ಗಂಡ, ತಾವು ಮೊದಲ ದಿನ ಕುರ್ಚಿ ಹಾಕಿಕೊಂಡಿದ್ದ ಜಾಗದಲ್ಲಿ ನಜ್ಜುಗುಜ್ಜಾಗಿ ಬಿದ್ದಿದ್ದ ಲೋಟವನ್ನು ನೋಡುತ್ತಾ ನಿಂತಿದ್ದರು.

ಬೆಲ್ಟ್ ನೋಡುವವನು ಕಾಲೆಳೆದುಕೊಂಡು ಮೇಲೆ ಬಂದ. ಮೊದಲು ಜಾರಿದವನ ಬೆಲ್ಟು, ಕೊಕ್ಕೆ, ಹಗ್ಗ ಬಿಚ್ಚಿಸಿ ಪಕ್ಕಕ್ಕಿಟ್ಟು, ಒಂದು ಸಲ ಭಾರ ತಡೆದದ್ದು ಇನ್ನು ಉಪಯೋಗಕ್ಕಿಲ್ಲ ಎಂದ. ಆಮೇಲೆ ನನ್ನ ಕಡೆ ತಿರುಗಿದ. ಕೋಪವಿರಲಿಲ್ಲ, ನಗುವೂ ಇರಲಿಲ್ಲ.

"ಅಮ್ಮ, ನಮ್ಮ ಲೈಸೆನ್ಸ್ ನೋಡಿದ್ರಿ, ಪಾಲಿಸಿ ನೋಡಿದ್ರಿ, ಮನೆಗೆ ಬಂದು ನನ್ನ ಕಾಲೂ ನೋಡಿದ್ರಿ. ಒಳ್ಳೇದೇ ಮಾಡಿದ್ರಿ. ನಾವೂ ಹತ್ತೋಕ್ಮುಂಚೆ ಈ ಮನೆಯವ್ರು ಹೇಗೆ ಅಂತ ವಿಚಾರಿಸ್ಬೇಕಿತ್ತು."

ಎದುರು ಮನೆಯವರನ್ನು ಗೇಟಿನಲ್ಲಿ ನಿಲ್ಲಿಸಿ ಉಗಿದವಳು ನಾನು. ಊರೆಲ್ಲ ಅಲೆದು ಅಪಾಯ ಎಲ್ಲಿದೆ ಎಂದು ಹುಡುಕಿದವಳು ನಾನು. ಅದನ್ನು ಬಿಸಿ ಮಾಡಿ, ಸಕ್ಕರೆ ಹಾಕಿ, ಮೆಟ್ಟಿಲು ಹತ್ತಿಸಿ ತಂದವಳೂ ನಾನೇ.

"ತಪ್ಪಾಯ್ತಪ್ಪ," ಎಂದೆ. ನನ್ನ ಗಂಡ ಮದುವೆಯಾದಾಗಿನಿಂದ ಕಾಯುತ್ತಿದ್ದ ಮಾತನ್ನು ಅವನು ಮೂರು ದಿನದಲ್ಲಿ ಹೇಳಿಸಿದ.

"ಕಾಫಿ ಕೊಡಿ, ಬೇಡ ಅನ್ನಲ್ಲ. ನೆಲದ ಮೇಲೆ ಕೊಡಿ," ಎಂದ.

ಸಂಜೆ ಕೊನೆಯ ಶೀಟು ಕೂತಿತು. ಕೆಳಗಿನ ಅಂಗಳದಲ್ಲಿ ಚಾಪೆ ಹಾಸಿದೆ. ಕಾಫಿ, ಶಾವಿಗೆ ಪಾಯಸ, ಈರುಳ್ಳಿ ಬಜ್ಜಿ. ಎಲ್ಲರೂ ಬೆಲ್ಟು ಕಳಚಿ, ಕೈಕಾಲು ತೊಳೆದು ಬಂದು ಕುಳಿತರು. ಜಾರಿದವನು ನನ್ನಿಂದ ಲೋಟ ತೆಗೆದುಕೊಂಡು ಬಜ್ಜಿಗೆ ಖಾರ ಸಾಲದು ಎಂದ. ಬೆಲ್ಟ್ ನೋಡುವವನು ಫೋನಿನಲ್ಲಿ ಹೆಂಡತಿಗೆ, ಎಲ್ಲಾ ಮುಗೀತು, ಹೊರಟ್ವಿ ಎನ್ನುತ್ತಿದ್ದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರಿಗೂ ಕಾಣದ ಹಾಗೆ ಸೆರಗಿನೊಳಗೆ ಬೆರಳು ಮಡಿಸಿ ತಲೆಗಳನ್ನು ಎಣಿಸಿದೆ. ಐದು. ಎಷ್ಟು ಹಿತವಾಯಿತೆಂದರೆ, ಇನ್ನೊಂದು ಸಲ ಎಣಿಸಿದೆ.