ಸುವರ್ಣಮ್ಮ ಹೊಡೆದುಹಾಕಿದ ಮೂರು ಸಾಲು

ನಮ್ಮ ಆಸ್ಪತ್ರೆಯಲ್ಲಿ ಗಂಟಿಲ್ಲದ ಕುರ್ಚಿಯೇ ಇರಲಿಲ್ಲ. ಕುರ್ಚಿಯ ಕೈ, ಕಿಟಕಿಯ ಸರಳು, ಡ್ರಾಯರಿನ ಹಿಡಿ, ಕೊನೆಗೆ ನನ್ನ ಕೊರಳಿನ ಐಡಿ ಕಾರ್ಡಿನ ಪಟ್ಟಿಗೂ ಹೊಲಿಗೆ ದಾರದ ಸಣ್ಣ ಸಣ್ಣ ಗಂಟುಗಳ ಸಾಲು. ಎಲ್ಲ ಡಾಕ್ಟರ್ ಸುವರ್ಣಮ್ಮನ ಕೆಲಸ. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಗಂಟು. ಬಿಚ್ಚುವ ಕರ್ಮ ಮಾತ್ರ ನನ್ನದು. “ಅದೇನಮ್ಮ ಈ ಕೋತಿ ಚೇಷ್ಟೆ?” ಎಂದು ಗದರಿದರೆ ನಗುತ್ತಿದ್ದಳು.

“ಕೈ ಸುಮ್ನಿದ್ರೆ ಹೊಲಿಗೆ ಗಂಟು ಮರ್ತೋಯ್ತದೆ ಸಿಸ್ಟರಕ್ಕ. ನಮ್ಮಪ್ಪ ಮಗ್ಗದಾಗೆ ಕಡಿದ ಎಳೆ ಕಟ್ಟಿದ್ರೆ ಗಂಟು ಎಲ್ಲೈತೆ ಅಂತ ಬೆರಳಿಗೂ ಸಿಕ್ಕಾಕಿಲ್ಲ. ನಂದು ಇನ್ನೂ ಸಿಕ್ತದೆ.”

ಹಿಂದೂಪುರದ ನೇಕಾರರ ಮನೆಯ ಹುಡುಗಿ ಅವಳು. ನಾನು ಲೇಪಾಕ್ಷಿಯಿಂದ ದಿನವೂ ಬಸ್ಸಿನಲ್ಲಿ ಹಿಂದೂಪುರಕ್ಕೆ ಬಂದುಹೋಗುವ ಆಪರೇಷನ್ ಥಿಯೇಟರಿನ ನರ್ಸು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಸರ್ಜನ್ನರ ಕೈಗೆ ಕತ್ತರಿ ಕೊಟ್ಟಿದ್ದೇನೆ. ಇವಳು ಡಾಕ್ಟರಿಕೆ ಓದಿದ್ದು ಕಿರ್ಗಿಸ್ತಾನದಲ್ಲಿ. ವಾಪಸು ಬಂದು ಇಲ್ಲಿನ ಪರೀಕ್ಷೆಯನ್ನು ಮೂರನೆಯ ಸಲಕ್ಕೆ ಪಾಸು ಮಾಡಿ, ಆಮೇಲೆ ಸರ್ಜರಿ ಕಲಿತು ನಮ್ಮಲ್ಲಿಗೆ ಬಂದಳು. ರೋಗಿಗಳು “ಫಾರಿನ್ ಚದುವಂಟ, ಫಾರಿನ್ ಓದಂತೆ” ಎಂದು ಮೂತಿ ತಿರುವುತ್ತಿದ್ದರು. ಸುಳ್ಳೇಕೆ, ನಾನೂ ತಿರುವಿದವಳೇ. ಮೊದಲ ವಾರ ಒಂದು ಒಡೆದ ಅಪೆಂಡಿಕ್ಸನ್ನು ಅವಳು ಅವಸರವಿಲ್ಲದೆ ತೊಳೆದು ತೆಗೆದಿದ್ದನ್ನು ನೋಡಿದ ಮೇಲೆ ತೆಪ್ಪಗಾದೆ.

ಗುರುವಾರ ಗುರುವಾರ ನಾವು ಕಲ್ಯಾಣದುರ್ಗದ ಶಾಖೆಗೆ ಹೋಗುತ್ತಿದ್ದೆವು. ಬ್ರಹ್ಮಸಮುದ್ರದ ಕಡೆಯ ಹೆಂಗಸರು ಕೂಲಿ ಬಿಟ್ಟು ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಅಳುವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಅಂಗಿಯ ಗುಂಡಿಗೆ ದಾರ ಸುತ್ತುತ್ತಾ, ಹೊಟ್ಟೆ ಮುಟ್ಟಿ ನೋಡಿಬಿಡುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಹುಚ್ಚು: ಇಂಗ್ಲೆಂಡಿಗೆ ಹೋಗಿ ಮಕ್ಕಳ ಸರ್ಜರಿ ಕಲಿಯಬೇಕು. “ಮಕ್ಕಳ ಹೊಟ್ಟೆ ಅಂದ್ರೆ ದೊಡ್ಡೋರ ಹೊಟ್ಟೆನೇ ಚಿಕ್ಕದಾಗಿರೋದಲ್ಲ ಸಿಸ್ಟರಕ್ಕ. ಅದೇ ಬೇರೆ” ಎನ್ನುತ್ತಿದ್ದಳು.

ಇಂಗ್ಲೆಂಡಿನವರು, ಸೀಟು ಬೇಕಾದರೆ ಇಂತಿಷ್ಟು ಆಪರೇಷನ್ನುಗಳನ್ನು ನಿನ್ನ ಕೈಯಾರೆ ಮಾಡಿರಬೇಕು, ಥಿಯೇಟರ್ ರಿಜಿಸ್ಟರಿನ ಪುಟಗಳಿಗೆ ಮೊಹರು ಹಾಕಿಸಿ ಕಳಿಸು ಎಂದಿದ್ದರು. ಪಕ್ಕದಲ್ಲಿ ನಿಂತು ಸಹಾಯ ಮಾಡಿದ್ದು ಲೆಕ್ಕಕ್ಕಿಲ್ಲ. ಮಕ್ಕಳ ಹರ್ನಿಯಾ ಮೂರು ಕಮ್ಮಿ ಬಿತ್ತು. ಅರ್ಜಿಯ ಕೊನೆಯ ದಿನಕ್ಕೆ ಉಳಿದದ್ದು ಒಂದೇ ವಾರ. ರಿಜಿಸ್ಟರು ಬರೆಯುವವಳು ನಾನು. ಆ ವಾರ ನಮ್ಮ ದೊಡ್ಡ ಡಾಕ್ಟರು ಮಾಡಿದ ಮೂರು ಹರ್ನಿಯಾಗಳಿಗೆ ಸರ್ಜನ್ ಎಂಬ ಕಡೆ ಸುವರ್ಣಮ್ಮನ ಹೆಸರು ಬರೆದೆ. ಪ್ರೀತಿಗೆ ಬರೆದೆ. ಪಾಪ ಮಾಡಿದೆ ಎಂದು ಒಂದು ಚೂರೂ ಅನ್ನಿಸಲಿಲ್ಲ.

ಪುಟ ನಕಲು ತೆಗೆಸಲು ಬಂದವಳು ಅಲ್ಲೇ ನಿಂತಳು. “ಸಿಸ್ಟರಕ್ಕ, ಇವು ಮೂರೂ ನಾನು ಮಾಡಿದ್ದಲ್ಲ.”

“ಪಕ್ಕದಾಗೇ ಇದ್ಯಲ್ಲ ಕಣಮ್ಮ! ಎವರಿಕಿ ತೆಲುಸ್ತುಂದಿ? ಯಾರಿಗೆ ಗೊತ್ತಾಯ್ತದೆ?”

“ನಾಳೆ ಅಲ್ಲಿ ನನ್ನ ಮುಂದೆ ಒಂದು ಮಗೂನ ಮಲಗಿಸಿ, ನೀನು ಮಾಡಿದೀಯಲ್ಲ, ಮಾಡು ಅಂತಾರೆ. ಆ ಮಗೀಗೆ ಗೊತ್ತಾಯ್ತದೆ.”

ಪೆನ್ನು ತೆಗೆದು ಮೂರು ಸಾಲನ್ನೂ ಹೊಡೆದುಹಾಕಿದಳು. ದೊಡ್ಡ ಡಾಕ್ಟರ ಹೆಸರು ಬರೆದು, ‘ಸಹಾಯ’ ಎಂಬ ಕಡೆ ತನ್ನ ಹೆಸರು ಬರೆದು ರುಜು ಮಾಡಿದಳು. ಆ ವರ್ಷದ ಇಂಗ್ಲೆಂಡು ಅಲ್ಲಿಗೆ ಮುಗಿಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಉಪಕಾರ ಮಾಡಿದವಳ ಮುಖಕ್ಕೆ ಮಂಗಳಾರತಿ! ನಾಲ್ಕು ದಿನ ಕತ್ತರಿ ಕೊಟ್ಟೆನೇ ಹೊರತು ಮಾತು ಕೊಡಲಿಲ್ಲ. ಐದನೆಯ ದಿನ ಅವಳೇ ಬಂದು ಡಬ್ಬಿ ಬಿಚ್ಚಿ, “ಕೋಪ ಮಾಡ್ಕೊಂಡೇ ತಿನ್ನಿ, ಅಮ್ಮ ಒಬ್ಬಟ್ಟು ಕಳ್ಸವ್ಳೆ” ಎಂದಳು. ತಿಂದೆ. ನಾಚಿಕೆಯೂ ಆಯಿತು. ಅವಳ ಕಣ್ಣು ಅತ್ತು ಅತ್ತು ಊದಿಕೊಂಡಿದ್ದನ್ನು ಆಗ ನೋಡಿದೆ.

ಮುಂದಿನ ವರ್ಷ ದೊಡ್ಡ ಡಾಕ್ಟರು ಕೈಕಟ್ಟಿ ಹಿಂದೆ ನಿಂತು ಮಕ್ಕಳ ಹರ್ನಿಯಾಗಳನ್ನು ಅವಳಿಂದಲೇ ಮಾಡಿಸಿದರು. ಒಮ್ಮೆ ಅರ್ಧದಲ್ಲಿ ನಿಲ್ಲಿಸಿ, “ಸಾರ್, ಇಲ್ಲಿ ನಂಗೆ ತಿಳೀತಿಲ್ಲ, ನೀವು ಬನ್ನಿ” ಎಂದಳು. ಉಳಿದದ್ದೆಲ್ಲ ಅವಳೇ ಮಾಡಿದ್ದರೂ ಅದನ್ನು ‘ಸಹಾಯ’ಕ್ಕೇ ಬರೆಸಿದಳು. ಈ ಸಲ ಅವಳು ಹೇಳಿದ ಹಾಗೇ ಬರೆದೆ. ಕೊನೆಗೂ ಸೀಟು ಸಿಕ್ಕಿತು.

ಹೊರಡುವ ಹಿಂದಿನ ಗುರುವಾರ ಕಲ್ಯಾಣದುರ್ಗದ ಜಗಲಿ ತುಂಬ ಜನ. ಮೊಮ್ಮಗಳಿಗೆ ಆಪರೇಷನ್ ಆಗಬೇಕಿದ್ದ ಅಜ್ಜಿಯೊಬ್ಬಳು ಅವಳ ಕೈ ಹಿಡಿದು, “ತಿರ್ಗ ಬತ್ತೀಯೇನವ್ವ? ನೀನು ಬರೋಗಂಟ ಕಾಯ್ತೀನಿ” ಎಂದಳು.

“ಬತ್ತಾರೆ ಕಣಜ್ಜಿ!” ಎಂದು ನಾನು ಬಾಯಿ ಹಾಕಿಯೇಬಿಟ್ಟೆ.

ಸುವರ್ಣಮ್ಮ ನನ್ನತ್ತ ನೋಡಲಿಲ್ಲ. “ಬರ್ಬೇಕು ಅಂತ ಆಸೆ ಐತೆ ಅಜ್ಜಿ. ಬತ್ತೀನೋ ಇಲ್ವೋ, ಗೊತ್ತಿಲ್ಲ. ನನಗೆ ಕಾಯ್ಬೇಡ. ಮಗೂನ ಅನಂತಪುರದ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗು, ನಾನೇ ಚೀಟಿ ಬರ್ದುಕೊಡ್ತೀನಿ.”

ವಾಪಸು ಬರುವಾಗ ವ್ಯಾನಿನಲ್ಲಿ ಕಿಟಕಿಯತ್ತ ತಿರುಗಿ ಕೂತು ಅತ್ತೆ. ನಮ್ಮನ್ನು ಸಮಾಧಾನ ಮಾಡುವುದಕ್ಕಾದರೂ ಒಂದು ಸುಳ್ಳು ಹೇಳಬಾರದಿತ್ತೇ ಎಂದು ಸಿಟ್ಟು ಬಂತು. ಇಂಥವಳ ಜೊತೆ ನಿಂತು ಕೆಲಸ ಮಾಡಿದೆನಲ್ಲ ಎಂದು ಎದೆಯೂ ತುಂಬಿತ್ತು.

ಅವಳು ಹೋಗಿ ಎರಡನೆಯ ವರ್ಷ ನಡೆಯುತ್ತಿದೆ. ಹೋದ ಗುರುವಾರ ಬ್ರಹ್ಮಸಮುದ್ರದ ತಾಯಿಯೊಬ್ಬಳು ಹೊಟ್ಟೆ ಉಬ್ಬಿದ ಕೂಸನ್ನು ಎತ್ತಿಕೊಂಡು ಬಂದು, “ಸುವರ್ಣಮ್ಮ ಇಲ್ವಾ? ಮುಂದಿನ ವಾರ ಬತ್ತಾರೇನಕ್ಕ? ಅವರಿಗೇ ತೋರಿಸ್ಬೇಕು” ಎಂದಳು. ‘ಬತ್ತಾರೆ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು.

“ಅವ್ರು ಬರೋದು ಗೊತ್ತಿಲ್ಲ ಕಣಮ್ಮ” ಎಂದೆ. “ಇವತ್ತೇ ಅನಂತಪುರಕ್ಕೆ ಹೊರಡು. ಏಳು, ಬಸ್ ಹತ್ತಿಸ್ತೀನಿ.”