ಗಾಜಿನ ಬೋರ್ಡಿಗೆ ಇಟ್ಟ ಕುಂಕುಮ

ಹೋದ ವರ್ಷ ಶ್ರಾವಣದ ಒಂದು ಶುಕ್ರವಾರ. ಆತಗೂರು ಕಡೆಯ ನಮ್ಮೂರ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಸೇರಿ ಸ್ಮಾರ್ಟ್ ಬೋರ್ಡ್ ಕೊಡಿಸಿದ್ದರು. ಅದರ ಪೂಜೆಗೆ ಊರಿನವರನ್ನೆಲ್ಲ ಕರೆದಿದ್ದರು. ಹುಟ್ಟಿದ ಊರಿಗೇ ಸೊಸೆಯಾದ ನಾನು ಏಳನೆಯ ತರಗತಿವರೆಗೆ ಓದಿದ್ದು ಅದೇ ಶಾಲೆಯಲ್ಲಿ. ಮೊಮ್ಮಕ್ಕಳೇ, ನಿಮ್ಮಲ್ಲಿ ಸಿಂಚನಾ ಆಗ ಅಲ್ಲೇ ಐದನೆಯ ತರಗತಿಯಲ್ಲಿದ್ದಳು. ಅವಳು ಬಿಡದೆ ಕರೆದಳೆಂದು ಹೋದೆ. ಹೋಗಿ ಬಾಗಿಲ ಪಕ್ಕ ನಿಂತೆ. ನಿಮ್ಮ ತಾತ ತೀರಿಕೊಂಡ ಮೇಲೆ ಶುಭಕಾರ್ಯಗಳಲ್ಲಿ ನಾನು ಹಾಗೆ ಪಕ್ಕಕ್ಕೇ ನಿಲ್ಲುತ್ತಿದ್ದೆ.

ಗೋಡೆಯ ಮೇಲೆ ದೊಡ್ಡ ಟಿ.ವಿ.ಯಂತಿದ್ದ ಬೋರ್ಡಿಗೆ ಚೆಂಡುಹೂವಿನ ಹಾರ ಹಾಕಿದ್ದರು. ನಮ್ಮ ಎದುರುಮನೆಯ ಸಾಕಮ್ಮ ಆರತಿ ತಟ್ಟೆ ಹಿಡಿದು, ಕುಂಕುಮ ಇಡಲು ಬೆರಳು ಅದ್ದಿದಳು. ಹೆಡ್‌ಮೇಡಂ ತಡೆದರು.

"ಗಾಜಿಗೆ ಅರಿಶಿನ ಕುಂಕುಮ ಹಚ್ಚಬೇಡಿ ಅಮ್ಮ, ಹಾಳಾಗುತ್ತೆ."

"ಕುಂಕುಮ ಇಲ್ದೆ ಅದ್ಯಾವ ಪೂಜೆ ಮೇಡಂ? ನಮ್ಮ ಟ್ರ್ಯಾಕ್ಟ್ರು ಮೈಯೆಲ್ಲಾ ಬಳಿಸ್ಕಂಡು ಇನ್ನೂ ಓಡ್ತಾ ಅದೆ" ಅಂದಳು ಸಾಕಮ್ಮ. ಎಲ್ಲರೂ ನಕ್ಕರು.

ಮೇಡಂ ಬೋರ್ಡಿನಲ್ಲಿ ಏನೋ ಒತ್ತಿ ಕೆಂಪು ಬಣ್ಣ ಆರಿಸಿದರು. "ಈಗ ಬರೀ ಬೆರಳಲ್ಲಿ ಮುಟ್ಟಿದ್ರೆ ಸಾಕು, ಕುಂಕುಮದ ಥರ ಬೊಟ್ಟು ಮೂಡುತ್ತೆ. ಬಂದಿರೋರಲ್ಲಿ ಈ ಶಾಲೇಲಿ ಎಲ್ಲರಿಗಿಂತ ಮೊದಲು ಓದಿದವರು ಯಾರು? ಅವರೇ ಇಡಲಿ" ಅಂದರು. ಮೇಡಂ ಊರಿಗೆ ಹೊಸಬರು. ಉಳಿದವರೆಲ್ಲ ನನ್ನ ಕಡೆ ತಿರುಗಿದರು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಬ್ಯಾಡಿ ಮೇಡಂ, ನಾನು ಕುಂಕುಮ ಇಡೋ ಅಂಗಿಲ್ಲ" ಅಂದೆ. ಅವರಿಗೆ ಅರ್ಥವಾಗಿ ಮುಖ ಸಪ್ಪೆಯಾಯಿತು. ಮನೆಗೆ ಹೋಗಿಬಿಡೋಣವೆಂದು ಚಪ್ಪಲಿ ಹುಡುಕತೊಡಗಿದೆ.

ಸಿಂಚನಾ ಓಡಿಬಂದು ಕೈ ಹಿಡಿದಳು. "ಬಾ ಅಜ್ಜಿ, ಕರೆಂಟು ಹೊಡಿಯಲ್ಲ" ಅಂದಳು. ಮಗು ನನ್ನ ಹೆದರಿಕೆಯನ್ನು ಹಾಗೆ ತಿಳಿದುಕೊಂಡಿತ್ತು. ನಾನು ಸಾಕಮ್ಮನ ಮುಖ ನೋಡಿದೆ. ಅವಳು ಮುತ್ತೈದೆ, ಅವಳೇನಂದಾಳೋ ಎಂಬ ಅಳುಕು.

"ನನ್ ಮೊಕ ಯಾಕ್ ನೋಡ್ತೀಯಕ್ಕ? ಮಗು ಕರೀತಾ ಅದೆ, ಓಗು. ತಟ್ಟೆ ಇಡ್ಕಂಡು ನನ್ ಕೈ ಬಿದ್ದೋಯ್ತಾ ಅದೆ" ಅಂದಳು.

ಹೋದೆ. ತಣ್ಣಗಿನ ಗಾಜಿಗೆ ಬೆರಳಿಟ್ಟೆ. ಕೆಂಪು ಬೊಟ್ಟು ಮೂಡಿತು. ಬೆರಳು ಜಾರಿದ್ದರಿಂದ ಅದು ಉದ್ದಕ್ಕೆ ಕೆಳಗಿಳಿಯಿತು.

"ಬೊಟ್ಟಿಗೆ ಬಾಲ ಬಂತಲ್ಲಕ್ಕ" ಅಂದಳು ಸಾಕಮ್ಮ. ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದೆ ಯಾರೋ ಗೊಣಗಿದ್ದೂ ಕೇಳಿಸಿತು. ಆದರೂ ನನಗೆ ನಗು ಬಂತು. ಮೇಡಂ ಅದನ್ನು ಅಳಿಸಲಿಲ್ಲ. ಅದರ ಪಕ್ಕದಲ್ಲೇ ಆ ದಿನದ ಪಾಠ ಬರೆದರು.

ಆಮೇಲೆ ತುಂಬ ಯೋಚಿಸಿದೆ. ಹಿಂದೆ ನಿಲ್ಲು ಎಂದು ನನಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮುಂದೆ ಬಾ ಎಂದೂ ಯಾರೂ ಹೇಳಿರಲಿಲ್ಲ. ನಾನೇ ಸರಿದುಕೊಂಡೆ, ಉಳಿದವರು ಅದಕ್ಕೆ ಒಗ್ಗಿಹೋದರು. ಆ ಅಭ್ಯಾಸ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ಮೊನ್ನೆ ಮದ್ದೂರಿನ ಮದುವೆಯೊಂದರಲ್ಲೂ ಕೊನೆಯ ಸಾಲಿನಲ್ಲೇ ಕೂತು ಬಂದೆ.

ಮುಂದೆ ನಿಮ್ಮ ಮನೆಗಳಲ್ಲಿ ಒಳ್ಳೆಯ ಕೆಲಸ ನಡೆದಾಗ ನನ್ನನ್ನು ಕರೆಯಿರಿ. ನಾಚಿಕೆಗೆ ನಾನು ಬೇಡ ಅನ್ನುತ್ತೇನೆ. ಆಗ ಸುಮ್ಮನಾಗಬೇಡಿ, ಇನ್ನೊಂದು ಸಲ ಕರೆಯಿರಿ.